ಬೆರಳಿಗೆ ದಕ್ಕುವ ರಸ

ವಿಡಿಯೊ ಗೇಮ್‌ನಲ್ಲಿ ಅಂಥದ್ದೇನಿದೆ ಎಂದು ಕೇಳುವ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಅವರು ಆಡಿಲ್ಲ, ಕೇಳುತ್ತಾರೆ. ನನ್ನ ತಕರಾರೆಲ್ಲ ದಿನಾ ರಾತ್ರಿ ಕೂತು ಆಡಿಯೂ ಏನನ್ನೂ ದಕ್ಕಿಸಿಕೊಳ್ಳದವರ ಮೇಲೆ. ಅವರ ವಿಮರ್ಶೆಗೆ ಇರುವುದು ಎರಡೇ ವಾಕ್ಯ. ಒಂದು, ‘ಗ್ರಾಫಿಕ್ಸ್ ಸಕತ್ತಾಗಿದೆ’. ಇನ್ನೊಂದು, ‘ಒಳ್ಳೇ ಸಿನಿಮಾ ನೋಡಿದ ಹಾಗಾಯ್ತು’. ಎರಡನೆಯದನ್ನಂತೂ ಬಹು ದೊಡ್ಡ ಹೊಗಳಿಕೆ ಎಂದೇ ತಿಳಿದಿದ್ದಾರೆ. ಸಿನಿಮಾ ನೋಡಿದ ಹಾಗಾಗಬೇಕಿದ್ದರೆ ಸಿನಿಮಾವನ್ನೇ ನೋಡಬಹುದಿತ್ತಲ್ಲ, ಕೈಯಲ್ಲಿ ಕಂಟ್ರೋಲರ್ ಯಾಕೆ ಹಿಡಿದಿರಿ?

ಇನ್ನೊಂದು ಜಾತಿಯವರಿದ್ದಾರೆ. ಯಾರೋ ಆಡಿದ್ದನ್ನು ಯೂಟ್ಯೂಬಿನಲ್ಲಿ ನೋಡಿ ‘ನಾನು ಆ ಗೇಮ್ ಮುಗಿಸಿದೆ’ ಎನ್ನುವವರು. ಇವರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ, ರಕ್ತದೊತ್ತಡಕ್ಕೆ ಒಳ್ಳೆಯದಲ್ಲ.

ಈ ಬರಹ ಹೊಸದಾಗಿ ಬರುವವರಿಗೆ, ಮನಸ್ಸು ತೆರೆದಿಟ್ಟುಕೊಂಡವರಿಗೆ. ಯಾವ ಯಂತ್ರ ಕೊಳ್ಳಬೇಕು, ಡಿಸ್ಕ್ ಒಳ್ಳೆಯದೋ ಡೌನ್‌ಲೋಡ್ ಒಳ್ಳೆಯದೋ ಎಂಬುದನ್ನೆಲ್ಲ ಅಂಗಡಿಯವನು ಹೇಳುತ್ತಾನೆ. ಕಥೆ ಮೊದಲೇ ಹೇಳಿಬಿಡುತ್ತೀರಿ ಎಂದು ಗೊಣಗಬೇಡಿ. ಕರ್ಣ ಸಾಯುತ್ತಾನೆಂದು ಗೊತ್ತಿಲ್ಲದೆ ‘ಕರ್ಣಪರ್ವ’ದ ಆಟಕ್ಕೆ ಹೋಗಿ ಕೂತವರನ್ನು ನಾನಂತೂ ಕಂಡಿಲ್ಲ. ಕಥೆ ತಿಳಿದ ಮಾತ್ರಕ್ಕೆ ಕೆಟ್ಟುಹೋಗುವ ಗೇಮ್ ಆಡಲು ಯೋಗ್ಯವೂ ಅಲ್ಲ.

ನಾನು ಹಿಡಿದ ಪಟ್ಟು ಒಂದೇ. ಗೇಮಿನಲ್ಲಿ ನೆನಪಿಡಬೇಕಾದ ಗಳಿಗೆ ಕಣ್ಣಿನಿಂದ ಬರುವುದಿಲ್ಲ, ಬೆರಳಿನಿಂದ ಬರುತ್ತದೆ. ತೀನಂಶ್ರೀ ಅವರ ‘ಭಾರತೀಯ ಕಾವ್ಯಮೀಮಾಂಸೆ’ ಓದಿದವರಿಗೆ ಗೊತ್ತು: ರಸ ಇರುವುದೆಲ್ಲಿ, ನಟನಲ್ಲೋ ಪ್ರೇಕ್ಷಕನಲ್ಲೋ ಎಂದು ನಮ್ಮ ಮೀಮಾಂಸಕರು ಶತಮಾನಗಟ್ಟಲೆ ಜಗಳವಾಡಿದರು. ಅದು ಸಹೃದಯನಲ್ಲಿದೆ ಎಂದು ಅಭಿನವಗುಪ್ತ ತೀರ್ಪು ಕೊಟ್ಟ. ಆ ತೀರ್ಪಿನ ಹಿಂದೆ ಒಂದು ಊಹೆಯಿದೆ: ರಂಗದ ಮೇಲಿರುವವನು ಒಬ್ಬ, ಕೆಳಗೆ ಕೂತವನು ಇನ್ನೊಬ್ಬ. ಗೇಮಿನಲ್ಲಿ ಇಬ್ಬರೂ ಒಬ್ಬನೇ. ಕತ್ತಿ ಎತ್ತಿದವನೂ ನಾನೇ, ಅದಕ್ಕೆ ಮರುಗಿದವನೂ ನಾನೇ. ಈ ವಿಚಿತ್ರ ಸ್ಥಿತಿಯನ್ನು ಬಳಸಿಕೊಳ್ಳುವ ಗೇಮ್ ಕಲೆ. ಬಳಸದ್ದು ಕಾಲಹರಣ, ಅದಕ್ಕೂ ನನ್ನ ಅಡ್ಡಿಯಿಲ್ಲ, ಆದರೆ ನನ್ನ ಮುಂದೆ ಅದರ ಗುಣಗಾನ ಮಾಡಬೇಡಿ.

ನನಗೆ ಕಣ್ಣು ತೆರೆಸಿದ್ದು ‘ಶ್ಯಾಡೊ ಆಫ್ ದ ಕೊಲೊಸಸ್’. ಜಪಾನಿನ ಫುಮಿಟೊ ಉಯೆಡಾ ಮತ್ತು ಅವನ ತಂಡ 2005ರಲ್ಲಿ ಪ್ಲೇಸ್ಟೇಷನ್ 2ಕ್ಕಾಗಿ ಮಾಡಿದ್ದು. ಅಲ್ಲಿಯವರೆಗೆ ನನ್ನ ಪಾಲಿಗೆ ಗೇಮ್ ಎಂದರೆ ಚಿಕ್ಕಂದಿನ ಟಿವಿ ಗೇಮಿನ ‘ಕಾಂಟ್ರಾ’, ಆಮೇಲೆ ಸೈಬರ್ ಕೆಫೆಯ ‘ಕೌಂಟರ್ ಸ್ಟ್ರೈಕ್’. ಬೆಂಗಳೂರಿನ ಬಾಡಿಗೆ ಕೋಣೆಯೊಂದರಲ್ಲಿ ಗೆಳೆಯನ ಹಳೇ ಟಿವಿಗೆ ಸಿಕ್ಕಿಸಿ ಇದನ್ನು ಶುರು ಮಾಡಿದಾಗ ಬೇಸರವೇ ಆಯಿತು. ಇಷ್ಟಗಲ ಬಯಲು, ಒಬ್ಬ ಹುಡುಗ, ಒಂದು ಕುದುರೆ. ಕೊಲ್ಲಲು ಪುಡಿ ಶತ್ರುಗಳಿಲ್ಲ, ಹೆಕ್ಕಲು ನಾಣ್ಯಗಳಿಲ್ಲ. ಸತ್ತ ಹುಡುಗಿ ಮೊನೊ ಗುಡಿಯ ಕಲ್ಲಿನ ಮೇಲೆ ಮಲಗಿದ್ದಾಳೆ. ಹದಿನಾರು ಮಹಾಕಾಯರನ್ನು ಕೊಂದರೆ ಅವಳು ಬದುಕಬಹುದು ಎಂದು ಮೇಲಿನಿಂದ ಒಂದು ದನಿ ಹೇಳುತ್ತದೆ. ಅಷ್ಟೇ ಕಥೆ.

ಮೊದಲನೆಯ ದೈತ್ಯ ಎದುರಾದಾಗ ಅದರ ಕಾಲಿನ ರೋಮ ಹಿಡಿದು ಹತ್ತಬೇಕು. ಹಿಡಿಯಲು ‘ಆರ್1’ ಬಟನ್ ಒತ್ತಿ ಇಟ್ಟುಕೊಳ್ಳಬೇಕು, ಬಿಟ್ಟರೆ ಬಿದ್ದಿರಿ. ದೈತ್ಯ ಮೈ ಕೊಡವಿದಾಗ ಹುಡುಗ ಬಟ್ಟೆಯಂತೆ ಹಾರಾಡುತ್ತಾನೆ. ಅವನ ಹಿಡಿತದ ಶಕ್ತಿ ತೋರಿಸುವ ವೃತ್ತ ಕರಗುತ್ತಾ ಹೋಗುತ್ತದೆ. ಇಲ್ಲಿ ಒಂದು ವಿಷಯ ಗಮನಿಸಿ, ಯಾರೂ ಹೇಳದೆಯೇ ನಿಮ್ಮ ತೋರುಬೆರಳು ಬೇಕಾದ್ದಕ್ಕಿಂತ ಹೆಚ್ಚು ಬಲವಾಗಿ ಆ ಬಟನ್ನನ್ನು ಅದುಮುತ್ತಿರುತ್ತದೆ. ಯಂತ್ರಕ್ಕೆ ಮೆಲ್ಲಗೆ ಒತ್ತಿದರೂ ಒಂದೇ, ಜೋರಾಗಿ ಒತ್ತಿದರೂ ಒಂದೇ ಕೆಲಸ. ಆದರೂ ನಾವು ಅದುಮುತ್ತೇವೆ. ಅವನ ಕೈ ನಮ್ಮ ಕೈಯಾಗಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕೊನೆಗೆ ನೆತ್ತಿಯ ಗುರುತಿಗೆ ಕತ್ತಿ ಇಳಿಸಿದಾಗ ದೈತ್ಯ ಕುಸಿಯುತ್ತದೆ. ಆಗ ವಿಜಯದ ಕಹಳೆ ಊದಬೇಕು, ಎಲ್ಲ ಗೇಮುಗಳಲ್ಲೂ ಊದುತ್ತಾರೆ. ಇಲ್ಲಿ ಕೊ ಒಟಾನಿಯ ಸಂಗೀತ ಶೋಕಕ್ಕೆ ಇಳಿಯುತ್ತದೆ. ಬಿದ್ದ ದೇಹದಿಂದ ಕಪ್ಪು ಎಳೆಗಳು ಎದ್ದು ಬಂದು ಹುಡುಗನ ಮೈಯೊಳಗೆ ನುಗ್ಗುತ್ತವೆ. ಮುಂದೆ ಒಂದೊಂದು ಕೊಲೆಗೂ ಅವನ ಮುಖ ಕಳೆಗುಂದುತ್ತದೆ, ಗುಡಿಯಲ್ಲಿ ಅವನ ಸುತ್ತ ನಿಲ್ಲುವ ನೆರಳುಗಳು ಹೆಚ್ಚುತ್ತವೆ, ಮೊನೊಳ ಬಳಿ ಪಾರಿವಾಳಗಳೂ ಹೆಚ್ಚುತ್ತವೆ. ಹದಿಮೂರನೆಯದು ಮರಳುಗಾಡಿನ ಮೇಲೆ ತೇಲುವ ಉದ್ದನೆಯ ಜೀವ. ಅದು ನಿಮ್ಮ ತಂಟೆಗೇ ಬರುವುದಿಲ್ಲ. ನೀವೇ ಬಾಣ ಬಿಟ್ಟು, ಕೆಳಗಿಳಿಸಿ, ಏರಿ, ಕೊಲ್ಲಬೇಕು. ನಾನು ಕುದುರೆ ನಿಲ್ಲಿಸಿ ಅದು ಹಾರುವುದನ್ನು ಸುಮ್ಮನೆ ನೋಡುತ್ತಾ ಕೂತಿದ್ದೆ. ಗೆಳೆಯ ‘ಹೊಡಿಯೋ’ ಎನ್ನುತ್ತಿದ್ದ. ಹೊಡೆದೆ. ಬೇರೆ ದಾರಿಯೇ ಇಲ್ಲವಲ್ಲ, ಇಲ್ಲದಿದ್ದರೆ ಯಂತ್ರ ಆರಿಸಿ ಎದ್ದು ಹೋಗಬೇಕು.

ಈಗ ಕಡೆಯ ದೃಶ್ಯ. ಮಂತ್ರವಾದಿಯೊಬ್ಬ ಬಂದು ಗುಡಿಯ ಹಿಂದಿನ ಕೊಳಕ್ಕೆ ಕತ್ತಿ ಎಸೆಯುತ್ತಾನೆ. ಸುಳಿಗಾಳಿಯೊಂದು ಎಲ್ಲವನ್ನೂ ಆ ಬೆಳಕಿನೊಳಕ್ಕೆ ಸೆಳೆಯತೊಡಗುತ್ತದೆ. ಬೇರೆ ನಿರ್ದೇಶಕನಾಗಿದ್ದರೆ ಇಲ್ಲಿ ನಮ್ಮ ಕೈಯಿಂದ ಆಟ ಕಿತ್ತುಕೊಂಡು ಚಂದದ ಸಿನಿಮಾ ತುಣುಕು ತೋರಿಸುತ್ತಿದ್ದ. ಉಯೆಡಾ ಕಿತ್ತುಕೊಳ್ಳುವುದಿಲ್ಲ. ಹುಡುಗ ಇನ್ನೂ ನಮ್ಮ ಅಧೀನದಲ್ಲೇ ಇದ್ದಾನೆ. ಓಡಬಹುದು, ಮೆಟ್ಟಿಲ ಅಂಚು ಹಿಡಿಯಬಹುದು, ಅದೇ ‘ಆರ್1’ ಒತ್ತಿ. ಹದಿನಾರು ದೈತ್ಯರ ಮೇಲೆ ಕಾಪಾಡಿದ ಅದೇ ಬಟನ್. ಒತ್ತಿ ಹಿಡಿದಿದ್ದೇವೆ, ಮೊನೊ ಅತ್ತ ಮಲಗಿದ್ದಾಳೆ, ಕೈ ಜಾರುತ್ತದೆ. ಮತ್ತೆ ಎದ್ದು ಓಡುತ್ತೇವೆ, ಮತ್ತೆ ಜಾರುತ್ತದೆ. ಗೆಲ್ಲಲು ಸಾಧ್ಯವೇ ಇಲ್ಲ, ಹಾಗೆ ಮಾಡಿಟ್ಟಿದ್ದಾನೆ. ಆದರೆ ಎಷ್ಟು ಹೊತ್ತು ಹಿಡಿದಿರಬೇಕೆಂಬುದು ಮಾತ್ರ ನಮಗೆ ಬಿಟ್ಟದ್ದು. ಇದೇ ದೃಶ್ಯವನ್ನು ವಿಡಿಯೊದಲ್ಲಿ ನೋಡಿದವನಿಗೆ ಒಬ್ಬ ಹುಡುಗ ಕೊಳಕ್ಕೆ ಬಿದ್ದದ್ದಷ್ಟೇ ಕಾಣುತ್ತದೆ.

ಇದಕ್ಕಿಂತಲೂ ಶುದ್ಧವಾದ ಉದಾಹರಣೆ 2013ರ ‘ಬ್ರದರ್ಸ್: ಎ ಟೇಲ್ ಆಫ್ ಟೂ ಸನ್ಸ್’. ಸ್ವೀಡನ್ನಿನ ಸ್ಟಾರ್‌ಬ್ರೀಜ್ ಸಂಸ್ಥೆಯದು. ಮಾಡಿದವನು ಯೋಸೆಫ್ ಫಾರೆಸ್, ಮೂಲತಃ ಚಿತ್ರ ನಿರ್ದೇಶಕ. ತಮಾಷೆ ನೋಡಿ, ಸಿನಿಮಾದಿಂದ ಬಂದವನಿಗೆ ಸಿನಿಮಾ ಮಾಡಲಾಗದ್ದು ಯಾವುದೆಂದು ನಿಖರವಾಗಿ ಗೊತ್ತಿತ್ತು. ಇಬ್ಬರು ಅಣ್ಣತಮ್ಮಂದಿರು, ಕಾಯಿಲೆ ಬಿದ್ದ ಅಪ್ಪನಿಗಾಗಿ ಜೀವವೃಕ್ಷದ ನೀರು ತರಲು ಹೊರಡುತ್ತಾರೆ. ಕಂಟ್ರೋಲರಿನ ಎಡಗಡೆಯ ಸ್ಟಿಕ್ ಅಣ್ಣ, ಬಲಗಡೆಯದು ತಮ್ಮ. ಎಡ ಟ್ರಿಗರ್ ಅಣ್ಣನ ಕೈ, ಬಲ ಟ್ರಿಗರ್ ತಮ್ಮನ ಕೈ. ಮೊದಲ ಅರ್ಧ ಗಂಟೆ ಇಬ್ಬರೂ ಮರಕ್ಕೆ, ಗೋಡೆಗೆ ಡಿಕ್ಕಿ ಹೊಡೆಯುತ್ತಾರೆ. ಆಮೇಲೆ ಮೆಲ್ಲಗೆ ಕೈ ಪಳಗುತ್ತದೆ. ಅವರಾಡುವ ಭಾಷೆ ಯಾವ ದೇಶದ್ದೂ ಅಲ್ಲ, ಸಂಭಾಷಣೆಯ ಹಂಗಿಲ್ಲ. ತಾಯಿ ನೀರಿನಲ್ಲಿ ಮುಳುಗಿ ಸತ್ತದ್ದನ್ನು ಕಂಡ ತಮ್ಮನಿಗೆ ನೀರೆಂದರೆ ಭಯ. ಹೊಳೆ ದಾಟುವಾಗಲೆಲ್ಲ ಬಲ ಟ್ರಿಗರ್ ಒತ್ತಿ ಅಣ್ಣನ ಬೆನ್ನು ಹಿಡಿಯುತ್ತಾನೆ, ಅಣ್ಣ ಈಜುತ್ತಾನೆ.

ಅಣ್ಣ ದಾರಿಯಲ್ಲಿ ಸಾಯುತ್ತಾನೆ. ಅವನನ್ನು ಹೂಳುವ ಕೆಲಸವೂ ನಮ್ಮದೇ. ಬಲಗೈಯಲ್ಲಿ ದೇಹ ಎಳೆದು, ಬಲಗೈಯಲ್ಲೇ ಮಣ್ಣು ಮುಚ್ಚಬೇಕು. ಎಡಗೈ ಖಾಲಿ. ಈ ಖಾಲಿತನವನ್ನು ಯಾವ ಕ್ಯಾಮೆರಾ ಹಿಡಿದೀತು? ಅಲ್ಲಿಯವರೆಗೆ ಒಂದು ಜೀವವನ್ನು ನಡೆಸಿಕೊಂಡು ಬಂದ ಹೆಬ್ಬೆರಳು ಸುಮ್ಮನೆ ಸ್ಟಿಕ್ಕಿನ ಮೇಲೆ ಕೂತಿದೆ, ಅಲುಗಿಸಿದರೆ ತೆರೆಯ ಮೇಲೆ ಏನೂ ಅಲುಗುವುದಿಲ್ಲ.

ಊರಿಗೆ ಮರಳುವ ದಾರಿಯಲ್ಲಿ ನೀರು ಉಕ್ಕಿ ಹರಿಯುತ್ತಿದೆ. ತಮ್ಮ ದಡದಲ್ಲಿ ಹೆದರಿ ನಿಲ್ಲುತ್ತಾನೆ. ಬಲ ಟ್ರಿಗರ್ ಒತ್ತಿದರೆ ಏನೂ ಆಗುವುದಿಲ್ಲ. ಏನು ಮಾಡಬೇಕೆಂದು ತೆರೆಯ ಮೇಲೆ ಬರೆದಿರುವುದಿಲ್ಲ. ಬಹಳ ಹೊತ್ತು ಏನೇನೋ ಒತ್ತಿ ನೋಡಿ ಕಡೆಗೆ ಎಡ ಟ್ರಿಗರ್ ಒತ್ತಿದರೆ, ಅಣ್ಣನ ಟ್ರಿಗರ್, ತಮ್ಮ ನೀರಿಗಿಳಿಯುತ್ತಾನೆ. ಈಜುತ್ತಾನೆ. ಅಣ್ಣನ ಬಲ ತಮ್ಮನಿಗೆ ಬಂತೆಂದು ಯಾರೂ ಹೇಳಲಿಲ್ಲ, ಹಾಡು ಹಾಕಿ ಹಳೆಯ ದೃಶ್ಯಗಳ ಮೆರವಣಿಗೆ ಮಾಡಲಿಲ್ಲ. ನಮ್ಮ ಎಡಗೈಗೆ ಅದು ಗೊತ್ತಾಯಿತು. ಮೂರ್ನಾಲ್ಕು ಗಂಟೆಯಲ್ಲಿ ಮುಗಿಯುವ ಗೇಮ್ ಇದು. ‘ಇಷ್ಟು ಚಿಕ್ಕದಕ್ಕೆ ದುಡ್ಡು ಕೊಡಬೇಕಾ’ ಎಂದು ಕೇಳಿದವರೊಬ್ಬರ ಜೊತೆ ನಾನು ಈಗ ಮಾತು ಕಡಿಮೆ ಮಾಡಿದ್ದೇನೆ.

ಇದಕ್ಕೆ ಎದುರಾಗಿ ಇನ್ನೊಂದನ್ನು ಇಡುತ್ತೇನೆ. 2014ರ ‘ಕಾಲ್ ಆಫ್ ಡ್ಯೂಟಿ: ಅಡ್ವಾನ್ಸ್ಡ್ ವಾರ್‌ಫೇರ್’ನಲ್ಲಿ ಸತ್ತ ಸೈನಿಕನ ಶವಪೆಟ್ಟಿಗೆಯ ಮುಂದೆ ನಿಲ್ಲುತ್ತೀರಿ. ಗೌರವ ಸಲ್ಲಿಸಲು ಎಫ್ ಒತ್ತಿ ಎಂದು ತೆರೆ ಸೂಚಿಸುತ್ತದೆ. ಒತ್ತಿದರೆ ಪಾತ್ರ ಪೆಟ್ಟಿಗೆಯ ಮೇಲೆ ಕೈ ಇಡುತ್ತದೆ. ಮುಗಿಯಿತು. ಆ ಬಟನ್ನಿಗೂ ಆ ದುಃಖಕ್ಕೂ ಸಂಬಂಧವೇ ಇಲ್ಲ, ಲಿಫ್ಟಿನ ಬಟನ್ ಆದರೂ ಆಗುತ್ತಿತ್ತು. ಲೋಕ ನಕ್ಕಿತು, ಇವತ್ತಿಗೂ ಚಾಟ್‌ಗಳಲ್ಲಿ ಯಾರಾದರೂ ಸೋತರೆ ‘ಎಫ್’ ಎಂದು ಬರೆದು ಅಣಕಿಸುತ್ತಾರೆ. ನಮ್ಮ ಜನಪ್ರಿಯ ಅಭಿರುಚಿ ಒಮ್ಮೆಯಾದರೂ ಸರಿಯಾದ ತೀರ್ಪು ಕೊಟ್ಟಿತಲ್ಲ ಎಂದು ನನಗೆ ಸಂತೋಷ.

ಕೊಲ್ಲುವ ಬಟನ್ನಿಗೆ ತೂಕ ತರುವುದು ಹೇಗೆಂದು ನೋಡಬೇಕಿದ್ದರೆ ಹಿಡಿಯೊ ಕೊಜಿಮಾನ 2004ರ ‘ಮೆಟಲ್ ಗಿಯರ್ ಸಾಲಿಡ್ 3’ ಆಡಿ. ತನಗೆ ವಿದ್ಯೆ ಕಲಿಸಿದ ಗುರುವನ್ನು ಬಿಳಿ ಹೂಗಳ ಬಯಲಿನಲ್ಲಿ ಕಥಾನಾಯಕ ಸ್ನೇಕ್ ಸೋಲಿಸಿದ್ದಾನೆ. ಆಕೆ ಬಿದ್ದಿದ್ದಾಳೆ, ಬಂದೂಕು ಗುರಿಯಿಟ್ಟಿದೆ. ದೃಶ್ಯ ತಾನಾಗಿಯೇ ಮುಂದುವರಿಯುತ್ತದೆಂದು ಕಾಯುತ್ತೀರಿ. ಮುಂದುವರಿಯುವುದಿಲ್ಲ. ಗುಂಡು ಹಾರಿಸುವ ಬಟನ್ ನೀವೇ ಒತ್ತಬೇಕು. ಕೊಜಿಮಾ ತನ್ನ ಗೇಮುಗಳಲ್ಲಿ ಮಾತಿನ ಮಳೆ ಸುರಿಸುವವನು, ಅವನ ಉದ್ದುದ್ದ ದೃಶ್ಯಗಳಲ್ಲಿ ನಾನು ಕಾಫಿ ಮಾಡಿಕೊಂಡು ಬಂದದ್ದುಂಟು. ಈ ಒಂದು ಮೌನಕ್ಕಾಗಿ ಎಲ್ಲ ಮಾಫಿ. ‘ಬಯೋಶಾಕ್’ (2007) ಇದನ್ನೇ ತಿರುವಿ ಹಾಕುತ್ತದೆ. ಅಲ್ಲಿ ಆಂಡ್ರ್ಯೂ ರಯಾನ್ ಎಂಬವನ ಕೋಣೆಯಲ್ಲಿ ನಿಮ್ಮ ಕೈಯಿಂದ ಅಧಿಕಾರ ಕಿತ್ತುಕೊಳ್ಳುತ್ತಾರೆ, ಕಿತ್ತುಕೊಂಡದ್ದೇ ಕಥೆಯ ತಿರುಳು. ಕಿತ್ತುಕೊಳ್ಳುವುದಕ್ಕೂ ಕಾರಣವಿರಬೇಕು ಎಂದು ನಾನು ಹೇಳುವುದು ಇದನ್ನೇ.

ಉಳಿದವು ಬೇಗ ಬೇಗ. ‘ಜರ್ನಿ’ (2012): ಮರಳಿನಲ್ಲಿ ಎಲ್ಲಿಂದಲೋ ಇನ್ನೊಬ್ಬ ಯಾತ್ರಿಕ ಸಿಗುತ್ತಾನೆ, ಅವನು ಜಗತ್ತಿನ ಯಾವುದೋ ಮೂಲೆಯಲ್ಲಿ ಆಡುತ್ತಿರುವ ನಿಜವಾದ ಮನುಷ್ಯ. ಮಾತಿಲ್ಲ, ಹೆಸರಿಲ್ಲ, ಬಟನ್ ಒತ್ತಿದರೆ ಒಂದು ಕೂಗು ಮಾತ್ರ. ಹಿಮದಲ್ಲಿ ಇಬ್ಬರೂ ಅಂಟಿಕೊಂಡು ನಡೆಯುತ್ತೀರಿ. ಹೆಸರು ಗೊತ್ತಾಗುವುದು ಎಲ್ಲ ಮುಗಿದ ಮೇಲೆ. ‘ಡಾರ್ಕ್ ಸೋಲ್ಸ್’ (2011): ಕಷ್ಟ ಕಷ್ಟ ಎಂದು ಎಲ್ಲರೂ ಬೊಬ್ಬೆ ಹೊಡೆಯುವ ಗೇಮ್. ಅದರ ನಿಜವಾದ ಗಳಿಗೆ ಒಂದು ಲಿಫ್ಟು. ಬಹಳ ದೂರ ಬಂದೆವೆಂದುಕೊಂಡು ಅದರಲ್ಲಿ ಇಳಿದರೆ ಹೊರಟ ಜಾಗವೇ ಎದುರಿಗಿರುತ್ತದೆ, ಇಡೀ ಲೋಕ ತಲೆಯಲ್ಲಿ ಒಮ್ಮೆಲೇ ಮಡಚಿಕೊಳ್ಳುತ್ತದೆ. ‘ದ ಲಾಸ್ಟ್ ಆಫ್ ಅಸ್’ನ (2013) ಜಿರಾಫೆಗಳು: ಕಟ್ಟೆಗೆ ಒರಗಿ ಎಷ್ಟು ಹೊತ್ತು ಬೇಕಾದರೂ ನೋಡಬಹುದು, ಹೊರಡುವ ಮನಸ್ಸು ಆಟಗಾರನೇ ಮಾಡಬೇಕು. ಆದರೆ ಅದಕ್ಕೂ ಮೊದಲು ಜೊತೆಗಿರುವ ಹುಡುಗಿ ಎಲ್ಲೀಯನ್ನು ಮೇಲಕ್ಕೆತ್ತಲು ಕಥಾನಾಯಕ ಜೋಯಲ್ ಕೈ ಜೋಡಿಸಿ ನಿಂತಾಗ, ಗೇಮಿನುದ್ದಕ್ಕೂ ಓಡಿ ಬರುತ್ತಿದ್ದವಳು ಕರೆಯುವತನಕ ಬರುವುದೇ ಇಲ್ಲ. ಜಿರಾಫೆಯ ಚಿತ್ರ ಹಂಚುವವರು ಇದನ್ನು ಗಮನಿಸಿದ್ದು ಕಡಿಮೆ. ‘ರೆಡ್ ಡೆಡ್ ರಿಡೆಂಪ್ಷನ್’ (2010): ಮೆಕ್ಸಿಕೊದೊಳಗೆ ಮೊದಲ ಸವಾರಿ, ಅದೇ ಹೊತ್ತಿಗೆ ಹೊಸೆ ಗೊನ್ಸಾಲೆಸ್ ಹಾಡತೊಡಗುತ್ತಾನೆ. ಕುದುರೆಯನ್ನು ಓಡಿಸಬೇಡಿ, ನಡೆಸಿ.

ನಮ್ಮೂರಿನವರಿಗೆ ಇದರಲ್ಲಿ ಪಾಲಿಲ್ಲವೆಂದಲ್ಲ. 1997ರಲ್ಲಿ ಶುರುವಾದ ಬೆಂಗಳೂರಿನ ಧ್ರುವ ಇಂಟರಾಕ್ಟಿವ್ ಹೊರದೇಶದ ದೊಡ್ಡ ಗೇಮುಗಳಿಗೆ ಚಿತ್ರ, ಮಾದರಿಗಳನ್ನು ಮಾಡಿಕೊಡುತ್ತಾ ಬಂತು. 2017ರಲ್ಲಿ ಅದನ್ನು ಕೊಂಡದ್ದು ‘ಬ್ರದರ್ಸ್’ ಮಾಡಿದ ಅದೇ ಸ್ಟಾರ್‌ಬ್ರೀಜ್, 2019ರಲ್ಲಿ ಅಲ್ಲಿಂದ ಕೊಂಡದ್ದು ‘ರೆಡ್ ಡೆಡ್’ನ ರಾಕ್‌ಸ್ಟಾರ್. ಆದರೆ ಇಲ್ಲಿ ಗೇಮ್ ಎಂದರೆ ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಹಾಸಿಗೆಯಲ್ಲಿ ಒಂದೇ: ಧುಮುಕು, ಬಂದೂಕು ಹೆಕ್ಕು, ಹೊಡಿ. 2020ರಲ್ಲಿ ಅಂಥದೇ ಗೇಮಾದ ಪಬ್‌ಜಿ ನಮ್ಮಲ್ಲಿ ನಿಷೇಧವಾದಾಗ ಅದನ್ನಾಡುವ ಹುಡುಗರು ಬೇರೇನಾದರೂ ಆಡಬಹುದೆಂದು ಆಸೆಪಟ್ಟಿದ್ದೆ. ಮರುವರ್ಷವೇ ಅದು ಬೇರೆ ಹೆಸರಿನಲ್ಲಿ ಮರಳಿತು, ನಿಷೇಧದ ನಡುವೆ ಹುಡುಗರು ಕಾದದ್ದೂ ಅದನ್ನೇ.

ಶುರು ಮಾಡುವವರು ‘ಬ್ರದರ್ಸ್’ನಿಂದಲೇ ಮಾಡಿ. ಅದು ಮೊಬೈಲಿಗೂ ಬಂದಿದೆ, ಬೇಡ. ಗಾಜು ತಡವಿದರೆ ಟ್ರಿಗರ್ ಒತ್ತಿದಂತಾಗುವುದಿಲ್ಲ. ‘ಶ್ಯಾಡೊ’ಗೆ ಹಳೇ ಯಂತ್ರ ಹುಡುಕಬೇಕಿಲ್ಲ, 2018ರಲ್ಲಿ ಪಿಎಸ್4ಕ್ಕೆ ಹೊಸದಾಗಿ ಮಾಡಿದ್ದಾರೆ. ಅದರಲ್ಲಿ ಬಟನ್‌ಗಳ ಜಾಗ ಬದಲಾಗಿದೆ, ಸೆಟ್ಟಿಂಗ್‌ಗೆ ಹೋಗಿ ಹಿಡಿತವನ್ನು ಹಳೆಯ ಬಟನ್ನಿಗೇ ತಂದುಕೊಳ್ಳಿ. ಕುದುರೆ ಹೇಳಿದ ಮಾತು ಕೇಳುತ್ತಿಲ್ಲ ಎಂದು ಬೈಯಬೇಡಿ. ಅದು ಬೇಕೆಂದೇ ಹಾಗಿದೆ, ಲಗಾಮು ಬಿಟ್ಟರೆ ಇಕ್ಕಟ್ಟಿನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ಸಿಕ್ಕಿಹಾಕಿಕೊಂಡಾಗ ಫೋನ್ ತೆಗೆದು ಉತ್ತರ ಹುಡುಕುವ ಚಾಳಿ ಬಿಡಿ. ಇನ್ನೊಂದು: 2019ರ ಸ್ವಿಚ್ ಆವೃತ್ತಿಯಲ್ಲಿ ‘ಬ್ರದರ್ಸ್’ ಅನ್ನು ಇಬ್ಬರು ಸೇರಿ, ಆಳಿಗೊಬ್ಬ ಸೋದರನಂತೆ ಆಡುವ ಸೌಲಭ್ಯ ಸೇರಿಸಿದ್ದಾರೆ. ಯಾರ ತಲೆಗೆ ಬಂತೋ ಕಾಣೆ. ನಿಮ್ಮ ತಂಗಿಯೋ ಗೆಳೆಯನೋ ನಾನೂ ಆಡುತ್ತೇನೆಂದು ಹಟ ಹಿಡಿದರೆ, ನೀವು ಮುಗಿಸಿ ಎದ್ದ ಮೇಲೆ ಕಂಟ್ರೋಲರ್ ಅವರ ಕೈಗೆ ಕೊಟ್ಟು ಕೋಣೆಯಿಂದ ಆಚೆ ಬನ್ನಿ.