ಯಾರಿಂದ ಕಲಿತದ್ದು?

ಇಂಗ್ಲೆಂಡಿನ ನಡುಭಾಗದ ನಮ್ಮೂರಿನಲ್ಲಿ ಒಂದು ಹಳೆಯ ಪಬ್ಬಿದೆ. ಗುರುವಾರ ರಾತ್ರಿ 8 ಗಂಟೆಗೆ ಅದರ ಮಹಡಿಯ ಕೋಣೆಯಲ್ಲಿ 20-25 ಮಂದಿ ಸೇರುತ್ತಾರೆ. ಹೆಚ್ಚಿನವರ ತಲೆ ನೆರೆತಿದೆ. ವೇದಿಕೆಯಿಲ್ಲ, ಮೈಕಿಲ್ಲ. ನಿರೂಪಕರೊಬ್ಬರು ಹೆಸರು ಕರೆಯುತ್ತಾರೆ, ಕರೆಸಿಕೊಂಡವರು ಕುರ್ಚಿಯಿಂದೆದ್ದು ಎರಡು ಹಾಡು ಹಾಡಿ ಮತ್ತೆ ಕುಳಿತುಕೊಳ್ಳುತ್ತಾರೆ. ನಡುವೆ ವಿರಾಮ, ವಿರಾಮದಲ್ಲಿ ಲಾಟರಿ ಚೀಟಿ. ಬಹುಮಾನ ಒಂದು ಬಾಟಲಿ ವೈನು, ಇಲ್ಲವೇ ಯಾರೋ ಕಳೆದ ವಾರ ಗೆದ್ದು ವಾಪಸು ತಂದಿಟ್ಟ ಚಾಕಲೇಟಿನ ಡಬ್ಬಿ. ಇದನ್ನು ಇಲ್ಲಿ ಫೋಕ್ ಕ್ಲಬ್ ಎನ್ನುತ್ತಾರೆ. ಒಂದು ಚಳಿಗಾಲ ಸಹೋದ್ಯೋಗಿಯೊಬ್ಬರ ಬಲವಂತಕ್ಕೆ ಹೋದವನು ನಾನು, ಈಗ ಆರು ವರ್ಷವಾಯಿತು.

ಮೂರನೆಯ ವಾರವೋ ನಾಲ್ಕನೆಯ ವಾರವೋ ನನ್ನ ಹೆಸರನ್ನೂ ಕರೆದರು. ಶಿಶುನಾಳ ಷರೀಫರ ಒಂದು ತತ್ವಪದ ಹಾಡಿದೆ. ಕಾಲೇಜಿನ ದಿನಗಳಿಂದ ನಾಲಿಗೆಯ ಮೇಲಿದ್ದ ಹಾಡು, ಕೆಡಲಿಲ್ಲ. ಚಪ್ಪಾಳೆಯೂ ಬಂತು. ಆಮೇಲೆ ಮೂಲೆಯಲ್ಲಿ ಕೂತಿದ್ದ ನಿವೃತ್ತ ಶಾಲಾ ಶಿಕ್ಷಕರೊಬ್ಬರು ಬಹಳ ಸೌಜನ್ಯದಿಂದ ಕೇಳಿದರು: ಇದನ್ನು ಯಾರಿಂದ ಕಲಿತಿರಿ? ಇಲ್ಲಿ ಎಲ್ಲರೂ ಹಾಡುವ ಮೊದಲು ಹೇಳುವುದೇ ಅದನ್ನು. ಈ ಹಾಡು ಇಂಥ ಊರಿನ ಇಂಥ ಮೀನುಗಾರನದು, ನನಗೆ ಬಂದದ್ದು ಇಂಥವರಿಂದ ಎಂದು. ನಮ್ಮಲ್ಲಿ ಗೋತ್ರ ಪ್ರವರ ಹೇಳಿದ ಹಾಗೆ. ನಾನು 'ಕ್ಯಾಸೆಟ್ಟಿನಿಂದ' ಎಂದೆ. ಅವರು ತಲೆಯಾಡಿಸಿದರು. ಅವರಿಗೇನೂ ಅನ್ನಿಸಿರಲಿಕ್ಕಿಲ್ಲ, ಅವರಲ್ಲೂ ಅರ್ಧ ಜನ ಎಲ್‌ಪಿ ತಟ್ಟೆಗಳಿಂದಲೇ ಕಲಿತವರು. ನನಗೆ ಮಾತ್ರ ಆ ಪ್ರಶ್ನೆ ಬಸ್ಸಿನಲ್ಲೂ ಬಿಡಲಿಲ್ಲ. ಹೊರದೇಶದ ಕನ್ನಡಿಗರು ಜಾನಪದ ಎಂದು ಕರೆದು ಹಾಡುವುದರಲ್ಲಿ ಒಬ್ಬರಿಂದ ಒಬ್ಬರಿಗೆ ಬಂದದ್ದು ಎಷ್ಟು?

ಷರೀಫರ ಪದಗಳನ್ನೇ ತೆಗೆದುಕೊಳ್ಳಿ. 1819ರಿಂದ 1889ರವರೆಗೆ ಬದುಕಿದ್ದ ಆ ಸಂತನ ಪದಗಳನ್ನು ಧಾರವಾಡ, ಹಾವೇರಿ ಸೀಮೆಯ ಭಜನಾ ಮೇಳಗಳು ಏಕತಾರಿ, ದಮ್ಮಡಿ ಹಿಡಿದು ಹಾಡಿಕೊಂಡು ಬಂದಿವೆ. ನನ್ನ ತಲೆಮಾರಿನ ದಕ್ಷಿಣದವರಿಗೆ ಅವು ತಲುಪಿದ್ದು ಸಿ. ಅಶ್ವತ್ಥರ ದನಿಯಲ್ಲಿ, ಅವರೇ ಕಟ್ಟಿದ ಧಾಟಿಗಳಲ್ಲಿ; 1990ರ 'ಸಂತ ಶಿಶುನಾಳ ಷರೀಫ' ಚಿತ್ರ ಅದನ್ನು ಇನ್ನಷ್ಟು ಗಟ್ಟಿಮಾಡಿತು. ಅಶ್ವತ್ಥರನ್ನು ದೂರುವುದು ನನ್ನ ಉದ್ದೇಶವಲ್ಲ. ಆ ಕಂಠ ಇಲ್ಲದಿದ್ದರೆ ನನ್ನಂಥವನಿಗೆ ಷರೀಫರೇ ಸಿಗುತ್ತಿರಲಿಲ್ಲ. ಆದರೆ ಒಂದು ಧಾಟಿ ಅಷ್ಟು ಬಲವಾಗಿ ಊರಿಬಿಟ್ಟರೆ ಉಳಿದವು ತಪ್ಪು ಧಾಟಿಗಳಂತೆ ಕೇಳಿಸತೊಡಗುತ್ತವೆ. ನಮ್ಮ ಕನ್ನಡ ಸಂಘದ ಸಭೆಯಲ್ಲಿ ಹಾವೇರಿ ಕಡೆಯ ಹುಡುಗನೊಬ್ಬ ತನ್ನ ಅಜ್ಜನ ಭಜನಾ ಧಾಟಿಯಲ್ಲಿ ಹಾಡಿದಾಗ, 'ಒರಿಜಿನಲ್ ಟ್ಯೂನ್‌ನಲ್ಲಿ ಹಾಡಪ್ಪ' ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಹುಡುಗ ನಕ್ಕುಬಿಟ್ಟ. ನಾನೂ ನಕ್ಕೆ. ಈಗ ನಗು ಬರುವುದಿಲ್ಲ.

ಇಂಗ್ಲಿಷರ ಕಥೆಯೂ ಶುದ್ಧವೇನಲ್ಲ. 1903ರಲ್ಲಿ ಸೆಸಿಲ್ ಶಾರ್ಪ್ ಎಂಬ ಸಂಗೀತದ ಮೇಷ್ಟ್ರು ಸಾಮರ್ಸೆಟ್ಟಿನ ಹ್ಯಾಂಬ್ರಿಜ್ ಎಂಬ ಹಳ್ಳಿಯಲ್ಲಿ ಗೆಳೆಯ ಪಾದ್ರಿಯ ಮನೆಗೆ ಬಂದಿದ್ದಾಗ, ತೋಟದ ಮಾಲಿ ಕೆಲಸ ಮಾಡುತ್ತ ಹಾಡಿದ್ದು ಕಿವಿಗೆ ಬಿತ್ತು. ಮಾಲಿಯ ಹೆಸರು ಜಾನ್ ಇಂಗ್ಲೆಂಡ್. ಕಾದಂಬರಿಕಾರ ಇಟ್ಟ ಹೆಸರಿನಂತಿದೆ, ಆದರೆ ನಿಜ. ಶಾರ್ಪ್ ಸ್ವರ ಗುರುತು ಹಾಕಿಕೊಂಡು, ಅದಕ್ಕೆ ಪಿಯಾನೋ ಸಾಥ್ ಹೊಂದಿಸಿ, ಅಂದೇ ಸಂಜೆ ಊರ ಜನರ ಮುಂದೆ ಹಾಡಿಸಿದರಂತೆ. ಬೆಳಿಗ್ಗೆ ಹುಲ್ಲು ಕತ್ತರಿಸುವವನ ಬಾಯಲ್ಲಿದ್ದದ್ದು ಸಂಜೆಗೆ ಕೋಟು ಹಾಕಿಕೊಂಡಿತ್ತು. ಹೀಗೆ ಸಂಗ್ರಹಿಸಿದ್ದನ್ನು ಅಚ್ಚು ಹಾಕುವಾಗ ಮರ್ಯಾದಸ್ಥರಿಗೆ ಒಗ್ಗದ ಸಾಲುಗಳನ್ನು ತಿದ್ದಿದರು, ಶಾಲೆಗಳಿಗೆ ಕಳಿಸಿದರು. ಆದರೂ ಒಂದು ಮಾತು ಒಪ್ಪಬೇಕು. ಶಾರ್ಪ್ ಮೊದಲು ಬರೆದುಕೊಂಡದ್ದು ಧಾಟಿಯನ್ನು. ಪರ್ಸಿ ಗ್ರೇಂಜರ್ 1906ರಲ್ಲೇ ಮೇಣದ ಸಿಲಿಂಡರಿನ ಫೋನೋಗ್ರಾಫ್ ಹೊತ್ತು ಲಿಂಕನ್‌ಷೈರಿಗೆ ಹೋದರು. ಜೋಸೆಫ್ ಟೇಲರ್ ಎಂಬ ಹಳ್ಳಿಯ ಮುದುಕನ ದನಿಯನ್ನು ನಾವು ಇವತ್ತೂ ಕೇಳಬಹುದು.

ನಮ್ಮಲ್ಲಿ ಸಂಗ್ರಹಿಸಿದವರು ಕವಿಗಳು. ವಿಜಯಪುರ ಜಿಲ್ಲೆಯ ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು 1931ರಲ್ಲಿ 'ಗರತಿಯ ಹಾಡು' ತಂದಾಗ ಕನ್ನಡದ ಓದುಗರಿಗೆ ಬೆರಗಾಯಿತು: ಅಕ್ಷರ ಬಾರದ ಹೆಂಗಸರ ಬಾಯಲ್ಲಿ ಇಂಥ ತ್ರಿಪದಿಗಳೇ ಎಂದು. ಬೆರಗು ನ್ಯಾಯವಾದದ್ದೇ. ಆದರೆ ಹೆಸರು 'ಹಾಡು', ಕೈಗೆ ಬರುವುದು ಪದ್ಯ. ಬೀಸುವವಳು ಹಾಡುವಾಗ ಎರಡನೆಯ ಸಾಲಿನ ಭಾಗ ಮರಳಿ ಬಂದು ಮೂರು ಸಾಲು ನಾಲ್ಕಾಗುತ್ತದೆ. ಅಚ್ಚಿನಲ್ಲಿ ಅದು ಮೂರೇ ಸಾಲು. ಧಾಟಿ ಗೊತ್ತಿದ್ದವರಿಗೆ ತೊಂದರೆಯಿಲ್ಲ, ಪುಸ್ತಕದಿಂದ ಕಲಿಯುವವನಿಗೆ ಹಾಡಿನ ಕಾಲು ಭಾಗ ಇಲ್ಲವಾಯಿತು. 'ಗರತಿ' ಎಂಬ ಮಾತೂ ನನ್ನನ್ನು ತಡೆಯುತ್ತದೆ. ಬೀಸುವ ಕಲ್ಲಿನ ಮುಂದೆ ಕೂತವಳು ತವರನ್ನು ನೆನೆಯುತ್ತಾಳೆ, ಮಗುವನ್ನು ಮುದ್ದಿಸುತ್ತಾಳೆ, ಹೌದು. ಹಾಗೆಯೇ ಅತ್ತೆಯನ್ನು ಬೈಯುತ್ತಾಳೆ, ನಾಲ್ಕು ಹೆಂಗಸರೇ ಇದ್ದರೆ ಗಂಡಸರು ಕೇಳಬಾರದ್ದನ್ನೂ ಹಾಡುತ್ತಾಳೆ. ಗರತಿ ಎಂದು ಕರೆದ ಮೇಲೆ ಅವಳು ಏನನ್ನು ಹಾಡಬಹುದು, ಏನನ್ನು ಹಾಡಬಾರದು ಎಂಬುದು ಅರ್ಧ ತೀರ್ಮಾನವಾದಂತೆಯೇ. ಶಾರ್ಪ್ ಸಾಲು ತಿದ್ದಿ ಮಾಡಿದ್ದನ್ನು ನಾವು ಒಂದು ವಿಶೇಷಣದಿಂದ ಮಾಡಿದೆವೇನೋ.

ಪುಸ್ತಕದಲ್ಲಿ ಧಾಟಿ ಇಲ್ಲದ ಕಾರಣ, ಮುಂದೆ ಅದಕ್ಕೆ ಧಾಟಿ ಬೇಕಾದಾಗ ಸುಗಮ ಸಂಗೀತದವರು ಒದಗಿಸಿದರು. ಅದು ಕ್ಯಾಸೆಟ್ಟಾಯಿತು, ಕ್ಯಾಸೆಟ್ಟಿನಿಂದ ಹಾಡು ತೆಗೆದು ಹಿನ್ನೆಲೆ ಟ್ರ್ಯಾಕ್ ಆಯಿತು, ಆ ಟ್ರ್ಯಾಕು ನಮ್ಮ ಸಂಘದ ರಾಜ್ಯೋತ್ಸವಕ್ಕೆ ಪೆನ್ ಡ್ರೈವಿನಲ್ಲಿ ಬರುತ್ತದೆ. 'ಜನಪದ ಗೀತೆ ಸ್ಪರ್ಧೆ, 4 ನಿಮಿಷ, ಟ್ರ್ಯಾಕ್ ಮುಂಚಿತವಾಗಿ ಕೊಡತಕ್ಕದ್ದು.' ಇಳಕಲ್ ಸೀರೆ ಉಟ್ಟ ಮಕ್ಕಳು ಚಂದ ಕಾಣುತ್ತಾರೆ. ತಾಯಂದಿರು ವಾರಗಟ್ಟಲೆ ಕಷ್ಟಪಟ್ಟಿರುತ್ತಾರೆ, ಅದನ್ನು ಹಗುರ ಮಾಡುವ ಮನಸ್ಸು ನನಗಿಲ್ಲ. ನನ್ನ ಮಗಳೂ ಎರಡು ವರ್ಷ ಆ ಸಾಲಿನಲ್ಲಿ ನಿಂತವಳು. ನನ್ನ ತಕರಾರು ಇಷ್ಟೇ. ಸಭಾಂಗಣದಲ್ಲಿ 300 ಜನ ಇರುತ್ತಾರೆ, ಒಬ್ಬರೂ ದನಿಗೂಡಿಸುವುದಿಲ್ಲ. ಎಲ್ಲರ ಕೈಯಲ್ಲೂ ಫೋನು. ಸೋಬಾನೆ ಪದವೊಂದನ್ನು ಹಿಡಿದ ಕೂಡಲೇ ಹಸೆಯ ಸುತ್ತ ಕೂತವರೆಲ್ಲ ಪಲ್ಲವಿಗೆ ಬಾಯಿ ಹಾಕದಿದ್ದರೆ ನಮ್ಮೂರಲ್ಲಿ ಅದು ಅಪಶಕುನ, ಇಲ್ಲವೇ ಜಗಳದ ಲಕ್ಷಣ.

ಫೋಕ್ ಕ್ಲಬ್ಬು ಈ ವಿಷಯದಲ್ಲಿ ನಮಗಿಂತ ಮುಂದಿದೆ. ಚೆನ್ನಾಗಿ ಹಾಡುವುದು ಅಲ್ಲಿ ಎರಡನೆಯ ಮಾತು. ಪಲ್ಲವಿ ಬಂದಾಗ ಕೋಣೆಯೇ ಹಾಡುತ್ತದೆ, ಮೂರು ಮಟ್ಟದ ದನಿಗಳು ತಾವಾಗಿ ಹೊಂದಿಕೊಳ್ಳುತ್ತವೆ. ಸಾಲು ಮರೆತವರಿಗೆ ಯಾರೋ ಎತ್ತಿಕೊಡುತ್ತಾರೆ. ಕಾನೂನೂ ಇದಕ್ಕೆ ಒಲಿದಿದೆ: 2012ರ ಲೈವ್ ಮ್ಯೂಸಿಕ್ ಕಾಯಿದೆ ಬಂದ ಮೇಲೆ ಬೆಳಿಗ್ಗೆ 8ರಿಂದ ರಾತ್ರಿ 11ರವರೆಗೆ ಮೈಕಿಲ್ಲದೆ ಹಾಡುವುದಕ್ಕೆ ಪರವಾನಗಿಯ ಗೊಡವೆಯಿಲ್ಲ.

ಆದರೆ ಅದೇ ಕ್ಲಬ್ಬಿನ ಚರಿತ್ರೆಯಲ್ಲಿ ಒಂದು ನಿಯಮವಿದೆ. ಅದರೊಡನೆ ನಾನು ಇನ್ನೂ ಜಗಳವಾಡುತ್ತಿದ್ದೇನೆ. 1950ರ ದಶಕದಲ್ಲಿ ಇಲ್ಲಿನ ಹುಡುಗರೆಲ್ಲ ಅಮೆರಿಕದ ಹಾಡುಗಳ ಹಿಂದೆ ಬಿದ್ದಿದ್ದರು. ಕಪ್ಪು ಗಾಯಕ ಲೆಡ್ ಬೆಲಿ ಹಾಡುತ್ತಿದ್ದ ರೈಲಿನ ಹಾಡೊಂದು ಲಾನಿ ಡಾನೆಗನ್ ದನಿಯಲ್ಲಿ 1956ರಲ್ಲಿ ಮನೆಮಾತಾಯಿತು. ಲಂಡನ್ನಿನಲ್ಲಿ ಕ್ಲಬ್ ನಡೆಸುತ್ತಿದ್ದ ಯೂವನ್ ಮೆಕಾಲ್‌ಗೆ, ಅವರ ಸಂಗಾತಿ ಪೆಗಿ ಸೀಗರ್‌ಗೆ ಇದು ಸರಿಕಾಣಲಿಲ್ಲ. ಸಿಂಗರ್ಸ್ ಕ್ಲಬ್ಬಿನಲ್ಲಿ ಕಟ್ಟಳೆ ಬಂತು: ವೇದಿಕೆಯೇರಿದವರು ತಮ್ಮ ನುಡಿಯ, ತಮ್ಮ ನಾಡಿನ ಹಾಡನ್ನೇ ಹಾಡಬೇಕು. ಇದರಿಂದ ಒಳ್ಳೆಯದೂ ಆಯಿತು. ಹುಡುಗರು ತಮ್ಮ ಅಜ್ಜಂದಿರ ಕಡೆ ತಿರುಗಿದರು, ಹಳೆಯ ಸಂಗ್ರಹಗಳನ್ನು ಬಿಚ್ಚಿದರು. ಆದರೆ ಕಟ್ಟಳೆ ಮಾಡಿದ ಮೆಕಾಲ್ ಯಾರು? 1915ರಲ್ಲಿ ಇಂಗ್ಲೆಂಡಿನ ಸಾಲ್‌ಫರ್ಡಿನಲ್ಲಿ ಹುಟ್ಟಿದ ಜೇಮ್ಸ್ ಮಿಲ್ಲರ್. ತಂದೆ ತಾಯಿ ಸ್ಕಾಟ್ಲೆಂಡಿನವರು. ಹೆಸರು ಬದಲಿಸಿಕೊಂಡು ಸ್ಕಾಟಿಷ್ ಹಾಡುಗಾರನಾದವರು. ವಲಸಿಗರ ಮಗ! ನನ್ನ ಮಗಳಿಗೆ ಅವರಿಗಿಂತ ಹತ್ತಿರದ ನೆಂಟ ಈ ದೇಶದಲ್ಲಿಲ್ಲ.

ಅವರ ಕೆಲಸವೇ ಅವರ ಕಟ್ಟಳೆಯನ್ನು ಮುರಿಯುತ್ತದೆ ಕೂಡ. 1960ರಲ್ಲಿ ಬಿಬಿಸಿಗಾಗಿ ಹೆರಿಂಗ್ ಮೀನುಗಾರರ ಬಗ್ಗೆ ಮಾಡಿದ 'ಸಿಂಗಿಂಗ್ ದ ಫಿಷಿಂಗ್' ಎಂಬ ರೇಡಿಯೋ ಕಾರ್ಯಕ್ರಮಕ್ಕೆ ಸ್ಯಾಮ್ ಲಾರ್ನರ್ ಎಂಬ ನಾರ್ಫಕ್ಕಿನ ಮುದುಕ ಮೀನುಗಾರನ ಮಾತುಗಳನ್ನು ಆಧರಿಸಿ ಮೆಕಾಲ್ ಒಂದು ಹಾಡು ಬರೆದರು. ಇಂದು ಅದನ್ನು ಎಷ್ಟೋ ಜನ ನೂರಾರು ವರ್ಷದ ಹಾಡೆಂದೇ ತಿಳಿದು ಹಾಡುತ್ತಾರೆ. ಹಾಗಾದರೆ ನನ್ನ ಕ್ಯಾಸೆಟ್ಟಿನ ಷರೀಫರೂ ಇನ್ನೈವತ್ತು ವರ್ಷ ಬಾಯಿಂದ ಬಾಯಿಗೆ ಹೋದರೆ ಜಾನಪದವೇ ಅಲ್ಲವೇ? ಆಗಬಹುದು. ಬಾಯಿಂದ ಬಾಯಿಗೆ ಹೋದರೆ. ಟ್ರ್ಯಾಕಿನಿಂದ ಟ್ರ್ಯಾಕಿಗೆ ಹೋದರೆ ಸವೆಯುವುದಿಲ್ಲ, ಬೆಳೆಯುವುದೂ ಇಲ್ಲ.

ನಮ್ಮ ಕ್ಲಬ್ಬಿನಲ್ಲಿ ಈಗ ಆ ಕಟ್ಟಳೆಯಿಲ್ಲ, ಅದರ ಒಂದು ಎಳೆ ಮಾತ್ರ ಉಳಿದಿದೆ. ನಾನು ಇಂಗ್ಲಿಷ್ ಹಾಡು ಹಾಡಿದರೆ ಖುಷಿಪಡುತ್ತಾರೆ, ಕನ್ನಡದ್ದು ಹಾಡಿದರೆ ಸುಮ್ಮನಾಗಿ ಗೌರವದಿಂದ ಕೇಳುತ್ತಾರೆ. ಆ ಗೌರವವೇ ತೊಡಕು. ಮ್ಯೂಸಿಯಮ್ಮಿನಲ್ಲಿ ಗಾಜಿನ ಮುಂದೆ ನಿಂತವರ ಮುಖ.

ಶಿಕ್ಷಕರ ಪ್ರಶ್ನೆಗೆ ಉತ್ತರ ಹುಡುಕಿ ನಾನು ಅವ್ವನಿಗೆ ಫೋನು ಮಾಡಿದೆ. ಅವ್ವ ನಾಗಮಂಗಲದ ಕಡೆಯವಳು, ಈಗ 78 ವರ್ಷ. ನಾನು ಚಿಕ್ಕವನಿದ್ದಾಗ ಕತ್ತಲಲ್ಲಿ ರಾಗಿಕಲ್ಲಿನ ಸದ್ದಿನೊಡನೆ ಅವಳ ದನಿ ಕೇಳಿದ ನೆನಪು. ಊರಿಗೆ ಮಿಲ್ಲು ಬಂದ ಮೇಲೆ ಕಲ್ಲು ಹಿತ್ತಿಲು ಸೇರಿತು. 'ಬೀಸೋ ಪದ ಒಂದು ಹೇಳಿಕೊಡವ್ವ' ಅಂದೆ.

'ಗಂಡಸ್ರು ಹಾಡೋ ಪದವ್ರಲಾ ಅದು?' ಎಂದು ನಕ್ಕಳು. ಬಿಡಲಿಲ್ಲ. ಶುರುಮಾಡಿದಳು, ಎರಡು ಸಾಲಿಗೆ ನಿಂತಳು. 'ಕಲ್ಲಿಲ್ದೆ ಎಲ್ಲಿಂದ ಬಂದದು ಮಗ?'

ಕೊನೆಗೆ ತಂಗಿ ಅವಳ ಮುಂದೆ ಒಂದು ಸ್ಟೀಲ್ ತಟ್ಟೆ ಬೋರಲು ಹಾಕಿ ಅದರ ಮೇಲೆ ಲೋಟ ಇಟ್ಟಳಂತೆ. ಅವ್ವ ಲೋಟ ಹಿಡಿದು ತಿರುಗಿಸುತ್ತ ಹೋದಳು, ಪದ ಬಂತು. ಒಂದಲ್ಲ, ಹನ್ನೊಂದು. ತಂಗಿ ಫೋನಿನಲ್ಲಿ ಹಿಡಿದು ಕಳಿಸಿದಳು. ಕೇಳಿದರೆ ಸಾಲಿನ ನಡುವೆ ಅವಳು ಉಸಿರು ನಿಲ್ಲಿಸುವ ಜಾಗ ವಿಚಿತ್ರ. ಅರ್ಥ ಮುಗಿಯುವಲ್ಲಿ ಅಲ್ಲ, ಪ್ರಾಸದಲ್ಲೂ ಅಲ್ಲ. ನಾಲ್ಕೈದು ಸಲ ಕೇಳಿದ ಮೇಲೆ ಹೊಳೆಯಿತು: ಅದು ಕಲ್ಲಿನ ಬಾಯಿಗೆ ಹಿಡಿ ರಾಗಿ ಹಾಕುವ ಹೊತ್ತು. ಕಲ್ಲು ಹೋಗಿ ಮೂವತ್ತು ವರ್ಷದ ಮೇಲಾಯಿತು, ಉಸಿರು ಇನ್ನೂ ಅಲ್ಲೇ ನಿಲ್ಲುತ್ತದೆ. ಇದನ್ನು ಯಾವ ಪುಸ್ತಕದಲ್ಲಿ ಹೇಗೆ ಅಚ್ಚು ಹಾಕುವುದು? ಟ್ರ್ಯಾಕಿನವನಾದರೆ ಆ ಬಿಡುವನ್ನು ತಪ್ಪೆಂದು ತೆಗೆದುಬಿಡುತ್ತಾನೆ.

ಎರಡು ತಿಂಗಳು ಕಲಿತು ಒಂದು ಗುರುವಾರ ಹಾಡಿದೆ. ಈ ಸಲ ಹೇಳುವುದಕ್ಕೆ ಹೆಸರಿತ್ತು. ಲೋಟ, ತಟ್ಟೆ, ಹಿಡಿ ರಾಗಿ, ಎಲ್ಲ ಹೇಳಿದೆ. ಚೆನ್ನಾಗಿ ಬರಲಿಲ್ಲ, ಉಸಿರನ್ನು ಅವ್ವನ ಜಾಗದಲ್ಲಿ ನಿಲ್ಲಿಸಲು ಹೋಗಿ ಎರಡು ಕಡೆ ಸಾಲೇ ತಪ್ಪಿತು. ಆದರೆ ಮೂರನೆಯ ಪದಕ್ಕೆ ಬರುವ ಹೊತ್ತಿಗೆ ಮುಂದಿನ ಸಾಲಿನ ಹೆಂಗಸೊಬ್ಬರು ಬಿಯರ್ ಗ್ಲಾಸನ್ನು ಮೇಜಿನ ಮೇಲೆ ಮೆಲ್ಲಗೆ ತಿರುಗಿಸತೊಡಗಿದ್ದರು. ಪಕ್ಕದವರೂ ಹಾಗೇ. ಪದ ಬಾರದಿದ್ದರೂ ಮರಳಿ ಬರುವ ಆ ಅರ್ಧ ಸಾಲಿಗೆ ಗುನುಗಿದರು.

ಆಮೇಲೆ ಸರದಿ ಬಂದವರು ಹಡಗಿನ ಹಗ್ಗ ಜಗ್ಗುವ ಹಾಡು ಹಾಡಿದರು. ಹಾಡಿದವರು ನಿವೃತ್ತ ಲೆಕ್ಕ ಪರಿಶೋಧಕರು, ಬದುಕಿನಲ್ಲಿ ಹಗ್ಗ ಜಗ್ಗಿದವರಲ್ಲ. ನಾನು ರಾಗಿ ಬೀಸಿದವನಲ್ಲ. ಹಿಂದೆಲ್ಲ ನನಗಿದು ಹುಸಿ ಎನಿಸುತ್ತಿತ್ತು, ಮೆಕಾಲ್ ಪಕ್ಷ ವಹಿಸಿ ವಾದಿಸುತ್ತಿದ್ದೆ. ಅಂದು ಪಲ್ಲವಿಗೆ ದನಿಗೂಡಿಸುವಾಗ ನನ್ನ ತೋಳು ತಾನಾಗಿ ಹಿಂದಕ್ಕೆಳೆಯಿತು.

ಸಂಘದಲ್ಲೂ ಒಮ್ಮೆ ಇಂಥದ್ದು ಮಾಡೋಣವೆಂದು ಹೋದ ಮಾರ್ಚಿಯಲ್ಲಿ ಒಂದು ಸಣ್ಣ ಕೋಣೆ ಹಿಡಿದೆವು. ಮೈಕಿಲ್ಲ, ಟ್ರ್ಯಾಕಿಲ್ಲ, ಕುರ್ಚಿ ದುಂಡಗೆ. 40 ಮಂದಿ ಬರುತ್ತೇವೆಂದಿದ್ದರು, 13 ಮಂದಿ ಬಂದರು. ಮೊದಲ ಅರ್ಧ ಗಂಟೆ ಎಲ್ಲರಿಗೂ ಗಂಟಲು ಕೆಟ್ಟಿತ್ತು. ಬೈಲಹೊಂಗಲದ ಕಡೆಯ ಹೆಂಗಸೊಬ್ಬರು 'ನನಗ ಏನೂ ಬರಂಗಿಲ್ರಿ' ಎನ್ನುತ್ತಲೇ ಕುಟ್ಟುವ ಪದವೊಂದನ್ನು ಎತ್ತಿದರು. ಹಾವೇರಿಯ ಹುಡುಗನಿಗೆ ನಾನೇ ಹೇಳಿಕಳಿಸಿದ್ದೆ. ಅವನು ಅಜ್ಜನ ಧಾಟಿಯಲ್ಲೇ ಷರೀಫರ ಪದ ಹಾಡಿದ. ನಾವು ಕೆಲವರು ಅಭ್ಯಾಸಬಲದಿಂದ ಅಶ್ವತ್ಥರ ಧಾಟಿಯಲ್ಲಿ ಪಲ್ಲವಿ ಹಿಡಿದೆವು. ಒಂದು ಸುತ್ತು ಎರಡೂ ಡಿಕ್ಕಿ ಹೊಡೆದವು. ಅವನು ಕಣ್ಣು ಮುಚ್ಚಿ ತನ್ನದನ್ನೇ ಹಿಡಿದುಕೊಂಡಿದ್ದ. ಮೂರನೆಯ ಸುತ್ತಿಗೆ ನಾವು ಅವನ ಕಡೆ ಬಂದೆವು.

ಇದನ್ನೆಲ್ಲ ಅವ್ವನಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ: 'ಆ ಇಂಗ್ಲೀಸ್ನೋರು ಏನ್ ಕೆಲ್ಸ ಮಾಡ್ಕೊಂಡು ಹಾಡ್ತಾರ್ಲಾ ಮಗ?'

'ಕುಡ್ಕೊಂಡು ಹಾಡ್ತಾರೆ ಕಣವ್ವ' ಅಂದೆ.