‘ನಾವು ಬಡ ರೈತರು’, ‘ನಮ್ಮ ಬಡ ರೈತರು’: ಇಂಗ್ಲಿಷಿನ ಸರ್ವನಾಮ, ವಿಶೇಷಣ ಮತ್ತು ವಳಸಂಗದ ಕನ್ನಡ

  ನನ್ನ ಧ್ವನಿ ಕೇಳಿಸ್ತಾ ಇದೆ ಅಂದುಕೊಂಡು ಶುರು ಮಾಡ್ತೀನಿ. ವಿಷಯ ಸಣ್ಣದು. ಇಂಗ್ಲಿಷಿನಲ್ಲಿ ಸರ್ವನಾಮ, ಅದರ ಮುಂದೆ ಒಂದು ವಿಶೇಷಣ, ಅದರ ಮುಂದೆ ಒಂದು ಬಹುವಚನ ನಾಮಪದ, ಈ ಮೂರೂ ಒಟ್ಟಿಗೆ ಬಂದಾಗ ಏನಾಗುತ್ತದೆ ಅನ್ನೋದು. ‘ವಿ ಪೂರ್ ಫಾರ್ಮರ್ಸ್’, ‘ಅಸ್ ಪೂರ್ ಫಾರ್ಮರ್ಸ್’ ಇಂಥ ಮಾತುಗಳು.

ಇದನ್ನು ಆರಿಸಿಕೊಳ್ಳೋದಕ್ಕೆ ಒಂದು ಸ್ವಂತ ಕಾರಣ ಇದೆ. ನಾನು ವಳಸಂಗದವನು. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ದಾರಿಯಲ್ಲಿ, ದಕ್ಷಿಣ ಸೊಲ್ಲಾಪುರ ತಾಲೂಕಿನಲ್ಲಿದೆ ನಮ್ಮೂರು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ದೊಡ್ಡ ಅರ್ಜಿ ಇದ್ದರೆ ಇಂಗ್ಲಿಷ್. ಹತ್ತನೇ ತರಗತಿ ಮುಗಿದ ಮೇಲೆ ಗೆಳೆಯರೆಲ್ಲ ಸೇರಿ ಒಂದು ಕಚೇರಿಗೆ ಅರ್ಜಿ ಕೊಟ್ಟೆವು. ಬರೆದವನು ನಾನು. ಮನಸ್ಸಿನಲ್ಲಿದ್ದ ವಾಕ್ಯ ‘ನಮ್ಮ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗಿ ಭಾಳ ತ್ರಾಸ ಆಗ್ಯದ’. ಕಾಗದದ ಮೇಲೆ ಅದು ‘ಅವರ್ ಕನ್ನಡ ಮೀಡಿಯಮ್ ಸ್ಟೂಡೆಂಟ್ಸ್’ ಅಂತ ಇಳಿಯಿತು. ಅಲ್ಲಿದ್ದವರು ಓದಿ ಮರಾಠಿಯಲ್ಲಿ ಕೇಳಿದರು: ನೀನು ಮಾಸ್ತರನೇನು? ತೊಂದರೆ ಆದ ವಿದ್ಯಾರ್ಥಿಗಳು ಎಲ್ಲಿದ್ದಾರೆ, ಅವರಿಂದ ಬರೆಸಿಕೊಂಡು ಬಾ. ಅರ್ಜಿ ವಾಪಸು ಬಂತು. ಆ ವಿದ್ಯಾರ್ಥಿ ನಾನೇ ಅಂತ ಬಾಯಲ್ಲಿ ಹೇಳಿದೆ. ಕಾಗದ ಹಾಗೆ ಹೇಳಿರಲಿಲ್ಲ.

ಆವಾಗ ಇದು ನನ್ನ ಇಂಗ್ಲಿಷಿನ ಬಡತನ ಅಂದುಕೊಂಡಿದ್ದೆ. ಈಗ ನನಗೆ ಅನ್ನಿಸೋದು, ಇದು ನಮಗೆ ವ್ಯಾಕರಣ ಕಲಿಸಿದ ಕ್ರಮದ ದೋಷ ಕೂಡ. ಇವತ್ತಿನ ನನ್ನ ವಿಮರ್ಶೆ ಅದರ ಮೇಲೆ.

೧. ನಾಮಪದದ ಬದಲಿಗೆ ಬರುವುದೇ ಸರ್ವನಾಮವೇ?

ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ ವ್ಯಾಖ್ಯೆ ಇದು. ಹಾಗಾದರೆ ‘ವಿ ಪೂರ್ ಫಾರ್ಮರ್ಸ್’ನಲ್ಲಿ ‘ವಿ’ ಯಾವುದರ ಬದಲಿಗೆ ಬಂದಿದೆ? ಫಾರ್ಮರ್ಸ್ ಅನ್ನುವ ನಾಮಪದ ಅಲ್ಲೇ ಪಕ್ಕದಲ್ಲಿ ಕೂತಿದೆಯಲ್ಲ! 1966ರಲ್ಲಿ ಪಾಲ್ ಪೋಸ್ಟಲ್ ಇಂಥ ಉದಾಹರಣೆಗಳನ್ನೇ ಹಿಡಿದು, ಇಂಗ್ಲಿಷಿನ ಸರ್ವನಾಮಗಳು ‘ದ’ ಎಂಬ ಪದದ ಜಾತಿಗೆ ಸೇರಿದವು ಅಂತ ವಾದಿಸಿದ. 2002ರ ಕೇಂಬ್ರಿಜ್ ವ್ಯಾಕರಣದಲ್ಲಿ ಹಡಲ್‌ಸ್ಟನ್ ಮತ್ತು ಪುಲಮ್ ಕೂಡ ಈ ಜಾಗದ ‘ವಿ’, ‘ಅಸ್’, ‘ಯೂ’ಗಳನ್ನು ನಿರ್ಧಾರಕಗಳೆಂದೇ ಲೆಕ್ಕ ಹಿಡಿಯುತ್ತಾರೆ. ಅಂದರೆ ‘ದೋಸ್ ಪೂರ್ ಫಾರ್ಮರ್ಸ್’ನಲ್ಲಿ ‘ದೋಸ್’ ಕೂತ ಕುರ್ಚಿಯಲ್ಲೇ ‘ವಿ’ ಕೂತಿದೆ.

ಆದರೆ ‘ದೇ ಪೂರ್ ಫಾರ್ಮರ್ಸ್’ ಅಂತ ಶಿಷ್ಟ ಇಂಗ್ಲಿಷಿನಲ್ಲಿ ಹೇಳೋ ಹಾಗಿಲ್ಲ. ಯಾಕೆ? ಇಲ್ಲಿ ನಮ್ಮವರೇ ಆದ ಡಿ.ಎನ್. ಶಂಕರ ಭಟ್ಟರು ನೆರವಿಗೆ ಬರುತ್ತಾರೆ. 2004ರಲ್ಲಿ ಪ್ರಕಟವಾದ, ಸರ್ವನಾಮಗಳನ್ನು ಕುರಿತ ಅವರ ಇಂಗ್ಲಿಷ್ ಪುಸ್ತಕದಲ್ಲಿ ‘ನಾನು, ನೀನು’ಗಳನ್ನು ಉಳಿದ ಸರ್ವನಾಮಗಳಿಂದ ಬೇರೆ ಮಾಡಿ ನೋಡಿದ್ದಾರೆ. ಇವು ನಾಮಪದದ ಬದಲಿಗೆ ಬಂದವಲ್ಲ. ಮಾತಿನಲ್ಲಿ ಯಾರು ಹೇಳುವವರು, ಯಾರು ಕೇಳುವವರು ಅನ್ನೋ ಪಾತ್ರವನ್ನು ತೋರಿಸೋದೇ ಇವುಗಳ ಕೆಲಸ. ಈ ಮಾತನ್ನು ನಮ್ಮ ಉದಾಹರಣೆಗೆ ಹಚ್ಚಿ ನೋಡಿ. ‘ವಿ ಪೂರ್ ಫಾರ್ಮರ್ಸ್’ ಅಂದಾಗ ‘ಫಾರ್ಮರ್ಸ್’ ಗುಂಪನ್ನು ಹೆಸರಿಸುತ್ತದೆ, ‘ಪೂರ್’ ಅದನ್ನು ಬಣ್ಣಿಸುತ್ತದೆ, ‘ವಿ’ ಮಾತಾಡುವವನೂ ಆ ಗುಂಪಿನ ಒಳಗಿದ್ದಾನೆ ಅಂತ ಸಾರುತ್ತದೆ. ‘ದೇ’ಗೆ ಇಂಥ ಪಾತ್ರ ಇಲ್ಲ. ಗುಂಪನ್ನು ತೋರಿಸೋದಷ್ಟೇ ಕೆಲಸವಾದರೆ ಅದಕ್ಕೆ ‘ದೋಸ್’ ಇದೆ.

ನಾಮಪದ ಇಲ್ಲದೆ ವಿಶೇಷಣ ಮಾತ್ರ ಬಂದರೆ ಕ್ರಮ ತಿರುವುಮುರುವಾಗುತ್ತದೆ. ‘ಪೂರ್ ಮಿ’, ‘ಲಕ್ಕಿ ಯೂ’ ಅಂತಾರೆ. ಇಲ್ಲಿ ವಿಶೇಷಣ ಮುಂದೆ, ಸರ್ವನಾಮ ಹಿಂದೆ. ಅದೂ ‘ಮಿ’ ರೂಪವೇ, ‘ಪೂರ್ ಐ’ ಅಲ್ಲ. ಬಡವರಾದ ನಾವು ಅನ್ನಬೇಕಾದರೆ ‘ವಿ ಪೂರ್’ ಸಾಲದು, ‘ವಿ ದ ಪೂರ್’ ಆಗಬೇಕು. ಕನ್ನಡಕ್ಕೆ ಈ ತಾಪತ್ರಯ ಇಲ್ಲ. ‘ಬಡವರು’ ಅನ್ನೋದರಲ್ಲೇ ‘ಬಡ’ ಎಂಬ ಗುಣವಾಚಕಕ್ಕೆ ‘ಅವರು’ ಸೇರಿಕೊಂಡಿದೆ.

೨. ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಎಡವುವ ಎರಡು ಜಾಗ

ಮೊದಲನೆಯದು, ಕನ್ನಡದಲ್ಲಿ ‘ನಾವು ಬಡ ರೈತರು’ ಅನ್ನೋದು ಪೂರ್ತಿ ವಾಕ್ಯವೂ ಹೌದು, ವಾಕ್ಯದ ತುಂಡೂ ಹೌದು. ‘ನಾವು ಬಡ ರೈತರು’ ಅಂತ ಅಲ್ಲೇ ನಿಲ್ಲಿಸಬಹುದು. ‘ನಾವು ಬಡ ರೈತರು ಏನ್ ಮಾಡಬೇಕು?’ ಅಂತ ಮುಂದುವರಿಸಲೂಬಹುದು. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ‘ಆರ್’ ಬೇಕು, ಎರಡನೆಯದಕ್ಕೆ ಬೇಡ. ‘ವಿ ಆರ್ ಪೂರ್ ಫಾರ್ಮರ್ಸ್ ವಾಂಟ್ ರೇನ್’ ಅನ್ನುವ ತಪ್ಪು ಇಲ್ಲಿ ಹುಟ್ಟುತ್ತದೆ.

ಎರಡನೆಯದು ಹೆಚ್ಚು ಅಪಾಯದ್ದು. ವಿಭಕ್ತಿ ಹತ್ತಿದ ಕೂಡಲೇ ನಮ್ಮ ಮಾತಿನಲ್ಲಿ ‘ನಾವು’ ಹೋಗಿ ‘ನಮ್ಮ’ ಬರುತ್ತದೆ: ‘ನಮ್ಮ ಬಡ ರೈತರಿಗಿ ಯಾರ್ ಕೇಳ್ತಾರ?’ ಇದನ್ನು ರೈತನೂ ಹೇಳಬಹುದು, ರೈತನ ಮತ ಕೇಳಲು ಬಂದವನೂ ಹೇಳಬಹುದು. ಕೇಳುವವರು ಮುಖ ನೋಡಿ ತಿಳಿದುಕೊಳ್ತಾರೆ. ಇಂಗ್ಲಿಷ್ ಕಾಗದಕ್ಕೆ ಮುಖ ಇಲ್ಲ. ಅಲ್ಲಿ ‘ಅವರ್ ಪೂರ್ ಫಾರ್ಮರ್ಸ್’ ಅಂತ ಬರೆದ ರೈತ ಆ ಗುಂಪಿನ ಹೊರಗೆ ನಿಲ್ಲುತ್ತಾನೆ. ‘ಅಸ್ ಪೂರ್ ಫಾರ್ಮರ್ಸ್’ ಅಂತ ಬರೆದರೆ ಒಳಗೆ ಉಳೀತಾನೆ. ‘ನಮ್ಮ ರೈತರ ಸಾಲ’ ಅನ್ನೋದಕ್ಕೂ ಇದೇ ಗತಿ. ಇಂಗ್ಲಿಷಿನಲ್ಲಿ ‘ದ ಲೋನ್ಸ್ ಆಫ್ ಅಸ್ ಫಾರ್ಮರ್ಸ್’ ಅಂತ ಬಿಡಿಸಿಯೇ ಹೇಳಬೇಕು.

ಗ್ರಾಂಥಿಕ ಕನ್ನಡದಲ್ಲಿ ದಾರಿ ಇದೆ: ‘ರೈತರಾದ ನಮಗೆ’, ‘ರೈತರಾದ ನಮ್ಮ ಸಾಲ’. ಸಂವಿಧಾನದ ಪ್ರಸ್ತಾವನೆಯ ‘ವಿ, ದ ಪೀಪಲ್ ಆಫ್ ಇಂಡಿಯಾ’ ಕನ್ನಡಕ್ಕೆ ಬಂದಾಗ ‘ಪ್ರಜೆಗಳಾದ ನಾವು’, ‘ಜನತೆಯಾದ ನಾವು’ ಎಂಬ ರೂಪ ತಾಳಿದ್ದು ಹೀಗೆಯೇ. ಆದರೆ ಊರಿನಲ್ಲಿ ಯಾರೂ ‘ರೈತರಾದ ನಾವು’ ಅಂತ ಮಾತಾಡೋದಿಲ್ಲ. ಅರ್ಜಿ ಬರೆಯುವ ಹುಡುಗ ಅನುವಾದ ಮಾಡೋದು ಬಾಯಿಮಾತನ್ನು.

೩. ಪಕ್ಕದಲ್ಲೇ ಇದ್ದ ಮರಾಠಿ

ನಮಗೆ ಗೊತ್ತಿದ್ದ ಮರಾಠಿಯಲ್ಲಿ ಇಂಗ್ಲಿಷಿನ ಈ ರಚನೆ ಸಿದ್ಧವಾಗಿಯೇ ಇತ್ತು. ‘ಆಮ್ಹೀ ಗರೀಬ ಶೇತಕರೀ’ ಅಂದರೆ ‘ವಿ ಪೂರ್ ಫಾರ್ಮರ್ಸ್’. ‘ಆಮ್ಹಾ ಗರೀಬ ಶೇತಕರ್‍ಯಾಂನಾ’ ಅಂದರೆ ‘ಟು ಅಸ್ ಪೂರ್ ಫಾರ್ಮರ್ಸ್’. ‘ಆಮ್ಹಾ ಶೇತಕರ್‍ಯಾಂಚೇ ಕರ್ಜ’ ಅಂದರೆ ರೈತರಾದ ನಮ್ಮ ಸಾಲ. ‘ಆಮಚ್ಯಾ ಶೇತಕರ್‍ಯಾಂಚೇ ಕರ್ಜ’ ಅಂದರೆ ನಮ್ಮ ಕಡೆಯ ರೈತರ ಸಾಲ. ‘ಅಸ್’ ಮತ್ತು ‘ಅವರ್’ ನಡುವಿನ ವ್ಯತ್ಯಾಸ ‘ಆಮ್ಹಾ’ ಮತ್ತು ‘ಆಮಚ್ಯಾ’ ನಡುವೆ ಸ್ಪಷ್ಟವಾಗಿದೆ. ವಳಸಂಗದ ಸಂತೆಗೆ ಹೋಗಿಬರುವ ಹುಡುಗನಿಗೆ ಇದು ತಿಳಿದದ್ದೇ. ಆದರೆ ಇಂಗ್ಲಿಷ್ ತಾಸಿನಲ್ಲಿ ಮರಾಠಿ ತರಬಾರದು, ಕನ್ನಡ ತರಬಾರದು ಅಂತ ನಮಗೆ ಹೇಳಲಾಗಿತ್ತು. ಪುಣೆಯ ಬಾಲಭಾರತಿ ಕನ್ನಡದಲ್ಲೂ ಮರಾಠಿಯಲ್ಲೂ ಪಠ್ಯಪುಸ್ತಕ ಪ್ರಕಟಿಸುತ್ತದೆ. ಪ್ರಸ್ತಾವನೆಯನ್ನು ಮೂರೂ ಭಾಷೆಯಲ್ಲಿ ಪಕ್ಕಪಕ್ಕ ಇಟ್ಟು ಹತ್ತು ನಿಮಿಷ ಮಾತಾಡಿದ್ದರೆ ಈ ಪಾಠ ಆಗಿಹೋಗುತ್ತಿತ್ತು.

೪. ಸಮಾರೋಪ

ಇದು ಬರೀ ಇಂಗ್ಲಿಷಿನ ಪ್ರಶ್ನೆ ಅಲ್ಲ. 1967ರ ಮಹಾಜನ ಆಯೋಗದ ವರದಿ ದಕ್ಷಿಣ ಸೊಲ್ಲಾಪುರ ತಾಲೂಕಿನ ಹಲವು ಹಳ್ಳಿಗಳನ್ನೂ ಅಕ್ಕಲಕೋಟೆ ತಾಲೂಕನ್ನೂ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಅಂದಿನಿಂದ ‘ನಮ್ಮ ಗಡಿನಾಡ ಕನ್ನಡಿಗರು’ ಅಂತ ಭಾಷಣಗಳಲ್ಲಿ ಕೇಳ್ತಾನೇ ಇದ್ದೇವೆ. ಪ್ರೀತಿಯ ಮಾತೇ, ನಾನು ಅಲ್ಲಗಳೆಯೋದಿಲ್ಲ. ಆದರೆ ಆ ‘ನಮ್ಮ’ದಲ್ಲಿ ಮಾತಾಡುವವರು ಹೊರಗೆ ನಿಂತಿರುತ್ತಾರೆ. ‘ನಾವು ಗಡಿನಾಡ ಕನ್ನಡಿಗರು’ ಅಂತ ಹೇಳಬೇಕಾದವರು ನಾವು. ಆ ವಾಕ್ಯವನ್ನು ಮೂರೂ ಭಾಷೆಯಲ್ಲಿ ತಪ್ಪಿಲ್ಲದೆ ಬರೆಯೋದು ಕಲಿಯಬೇಕು.

ಚರ್ಚೆಯಲ್ಲಿ ಗುರುಗಳೊಬ್ಬರು ಕೇಳಿದರು: ಇಂಗ್ಲಿಷ್ ಕಲಿಸಲು ಮರಾಠಿಯ ಆಸರೆ ತಗೊಂಡರೆ ಕನ್ನಡ ಹಿಂದೆ ಬೀಳೋದಿಲ್ಲವೇ? ನನ್ನ ಉತ್ತರ ಇಷ್ಟೇ. ಮರಾಠಿಯ ‘ಆಮ್ಹಾ’ ನೋಡಿದ ಮೇಲೆಯೇ ಕನ್ನಡದ ‘ನಮ್ಮ’ ಎರಡು ಕೆಲಸ ಮಾಡ್ತಿದೆ ಅಂತ ನನಗೆ ಗೊತ್ತಾದದ್ದು. ಕನ್ನಡವನ್ನು ಹೆಚ್ಚು ಚೆನ್ನಾಗಿ ತಿಳಿದುಕೊಂಡೆನೇ ಹೊರತು ಬಿಡಲಿಲ್ಲ. ಇನ್ನೊಬ್ಬ ಗೆಳತಿ, ಆ ಅರ್ಜಿ ಏನಾಯ್ತು ಅಂತ ಕೇಳಿದಳು. ಅಕ್ಕಲಕೋಟೆಯ ಒಬ್ಬ ಹಿರಿಯರು ತಿದ್ದಿಕೊಟ್ಟರು. ‘ಅವರ್’ ಹೊಡೆದು ‘ವಿ’ ಅಂತ ಮಾಡಿದರು, ಕ್ರಿಯಾಪದ ಸರಿಪಡಿಸಿದರು. ಗೆಳೆಯರೆಲ್ಲ ಸಹಿ ಮಾಡಿದೆವು. ಎರಡನೇ ಸಲ ಅದನ್ನು ತಗೊಂಡರು.