ಕ್ಲೋರಿನ್ ನೀರಿನ ಅತಿಯಾದ ಕೀರ್ತಿ

ಬಟನ್ ಅಣಬೆಯ ಟೋಪಿಯ ಮೇಲೆ ಕಂದು ಮಚ್ಚೆ ಮೂಡಿತೆಂದರೆ ಬೆಳೆಗಾರರ ಕೈ ಮೊದಲು ಹೋಗುವುದು ಬ್ಲೀಚಿಂಗ್ ಪೌಡರಿಗೆ. 150 ಪಿಪಿಎಂ ಕ್ಲೋರಿನ್ ಬೆರೆಸಿದ ನೀರು ಸಿಂಪಡಿಸಿ ಎಂಬ ಸಲಹೆ ಕೈಪಿಡಿಯಿಂದ ಕೈಪಿಡಿಗೆ ದಾಟುತ್ತ ಬಂದಿದೆ. ಈ ಪದ್ಧತಿಯಿಂದ ಪ್ರಯೋಜನವಿಲ್ಲವೆಂದಲ್ಲ. ಆದರೆ ಅದು ಗಳಿಸಿದ ಹೆಸರು ಅದು ಮಾಡುವ ಕೆಲಸಕ್ಕಿಂತ ಬಹಳ ದೊಡ್ಡದು.

ಈ ಮಚ್ಚೆಯ ರೋಗಕಾರಕ ಸ್ಯೂಡೊಮೊನಾಸ್ ಟೋಲಾಸಿ ಎಂಬ ಬ್ಯಾಕ್ಟೀರಿಯಾ. 1915ರಲ್ಲಿ ಅಮೆರಿಕದಲ್ಲಿ ಈ ರೋಗವನ್ನು ವರ್ಣಿಸಿದ ಟೋಲಾಸ್ ಅವರ ಹೆಸರೇ ಅದಕ್ಕೆ ನಿಂತಿದೆ. ಅದು ಸ್ರವಿಸುವ ಟೋಲಾಸಿನ್ ಎಂಬ ವಿಷ ಅಣಬೆಯ ಜೀವಕೋಶದ ಪೊರೆಯಲ್ಲಿ ರಂಧ್ರ ಕೊರೆಯುತ್ತದೆ. ಆ ಜಾಗ ಕಂದಾಗಿ ಕುಳಿಬೀಳುತ್ತದೆ.

ಈಗ ನೀರು ಸಿಂಪಡಿಸಿದ ಆ ಗಳಿಗೆಯನ್ನೇ ನೋಡಬೇಕು. ಕಾಂಪೋಸ್ಟಿನ ಮೇಲೆ ಹರಡಿದ ಕೇಸಿಂಗ್ ಪದರದಲ್ಲಿ ಪೀಟ್ ಅಥವಾ ತೆಂಗಿನ ನಾರಿನ ಪುಡಿ ತುಂಬಿರುತ್ತದೆ. ಸಾವಯವ ವಸ್ತು ತಾಗುತ್ತಲೇ ಕ್ಲೋರಿನ್ ಖರ್ಚಾಗಿಹೋಗುತ್ತದೆ, ಬ್ಯಾಕ್ಟೀರಿಯಾ ಅಲ್ಲೇ ಉಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳನ್ನೆಲ್ಲ ಕೊಲ್ಲಹೊರಡುವುದೂ ಸರಿಯಲ್ಲ: ಕೇಸಿಂಗ್‌ನಲ್ಲಿರುವ ಸ್ಯೂಡೊಮೊನಾಸ್ ಪ್ಯುಟಿಡಾದಂಥ ಬಂಧುಗಳು ಅಣಬೆಯ ಮೊಳಕೆಗೆ ನೆರವಾಗುತ್ತವೆ. ಟೋಪಿಯ ಮೇಲಿನ ಕತೆ ಬೇರೆ. ಅಲ್ಲಿ ನೀರಿನ ಪೊರೆ ಗಂಟೆಗಟ್ಟಲೆ ಆರದಿದ್ದರೆ ಬ್ಯಾಕ್ಟೀರಿಯಾ ವೃದ್ಧಿಯಾಗುತ್ತದೆ. ಎರಡು-ಮೂರು ಗಂಟೆಯೊಳಗೆ ಒಣಗಿದರೆ ರೋಗಕ್ಕೆ ಹಿಡಿತ ಸಿಗುವುದು ಕಷ್ಟ. ಕೋಣೆ 17 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೇವಾಂಶ ಶೇಕಡಾ 95ರಲ್ಲಿ ಇರುವಾಗ ತಾಪಮಾನ ಒಂದೇ ಡಿಗ್ರಿ ಇಳಿದರೂ ಸಾಕು, ಒಂದು ಹನಿ ಸಿಂಪಡಿಸದಿದ್ದರೂ ಟೋಪಿಯ ಮೇಲೆ ಇಬ್ಬನಿ ಕೂರುತ್ತದೆ. ಆ ಇಬ್ಬನಿಯಲ್ಲಿ ಕ್ಲೋರಿನ್ ಇರುವುದಿಲ್ಲ! ಬೇಕಾದದ್ದು ನೀರು ಹಾಕಿದ ಮೇಲೆ ಗಾಳಿಯಾಡಿಸುವ ಫ್ಯಾನ್, ಏರಿಳಿಯದ ತಾಪಮಾನ. ಆದರೂ ಸಲಹೆಗಳಲ್ಲಿ ಇವಕ್ಕೆ ಸಿಗುವುದು ಕೊನೆಯ ಸಾಲು.

ಸ್ಟ್ರೆಪ್ಟೊಮೈಸಿನ್, ಆಕ್ಸಿಟೆಟ್ರಾಸೈಕ್ಲಿನ್ ಸಿಂಪಡಿಸಿ ಎನ್ನುವವರೂ ಇದ್ದಾರೆ. ಅವರ ವಾದವನ್ನು ಒಪ್ಪುವುದು ಸಾಧ್ಯವೇ ಇಲ್ಲ. ಮನುಷ್ಯರ ಕಾಯಿಲೆಗೆ ಮೀಸಲಿಡಬೇಕಾದ ಔಷಧವನ್ನು, ಕೆಲವೇ ದಿನಗಳಲ್ಲಿ ಕಿತ್ತು ಮಾರುವ ಆಹಾರಕ್ಕೆ ಸುರಿಯುವುದು ಅಪಾಯಕಾರಿ. ನಿರೋಧಶಕ್ತಿಯ ಬ್ಯಾಕ್ಟೀರಿಯಾಗಳನ್ನು ಆಯ್ದು ಬೆಳೆಸಿದಂತೆಯೇ ಆಗುತ್ತದೆ. ಮಚ್ಚೆ ನೋಟದ ಕೊರತೆಯಷ್ಟೇ, ತಿನ್ನಲು ತೊಂದರೆಯಿಲ್ಲ ಎಂಬ ಇನ್ನೊಂದು ಸಮಾಧಾನವೂ ಸಾಲದು. ಬಿಳುಪೇ ಬೆಲೆಯಾದ ಮಾರುಕಟ್ಟೆಯಲ್ಲಿ ಮಚ್ಚೆಯ ಅಣಬೆಯನ್ನು ಕೊಳ್ಳುವವರಿಲ್ಲ, ನಷ್ಟವೆಲ್ಲ ಬೆಳೆಗಾರರದೇ.

ಕ್ಲೋರಿನ್‌ಗೆ ಸಲ್ಲಬೇಕಾದ ಜಾಗ ಟ್ಯಾಂಕ್, ಪೈಪು, ಬುಟ್ಟಿ, ನೆಲದ ಸ್ವಚ್ಛತೆ. ತೇವದ ಕಾಟ ಕೊಯ್ಲಿಗೇ ಮುಗಿಯುವುದಿಲ್ಲ: ಬೆಳಿಗ್ಗೆ ಚೊಕ್ಕಟವಾಗಿ ಕಿತ್ತ ಅಣಬೆ ಪ್ಲಾಸ್ಟಿಕ್ ಪೊಟ್ಟಣದೊಳಗೆ ಬೆವರಿದರೆ ಅಂಗಡಿ ತಲುಪುವಷ್ಟರಲ್ಲಿ ಮತ್ತೆ ಕಂದಾಗಬಹುದು. ಅದನ್ನು ತಡೆಯಲು ಕಿತ್ತ ಕೂಡಲೇ ತಂಪು ಮಾಡಬೇಕು, ಪೊಟ್ಟಣದಲ್ಲಿ ಗಾಳಿಗೆ ಕಿಂಡಿ ಬಿಡಬೇಕು.